ಮುಳುಗೆದ್ದ ಗಾಡಿಗಳ ಬಗ್ಗೆ ಎಚ್ಚರ

ಮಳೆಗಾಲ ಕಳೆದ ಕೆಲವು ತಿಂಗಳಲ್ಲಿ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವ ಯೋಚನೆ ಇದ್ದವರು ಟೋಕನ್ ಅಡ್ವಾನ್ಸ್ ಕೊಡುವ ಮುನ್ನ ಒಂದು ಸಂಗತಿ ತಿಳಿದಿರಬೇಕು. 2015ರ ಡಿಸೆಂಬರಿನಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, 2023ರ ಡಿಸೆಂಬರಿನಲ್ಲಿ ಮತ್ತೆ ಚೆನ್ನೈ: ಪ್ರತಿ ಸಲವೂ ಬೇಸ್‌ಮೆಂಟಿನಲ್ಲಿ ನಿಂತಿದ್ದ ಕಾರುಗಳು ನೀರಿನಲ್ಲಿ ಮುಳುಗಿದವು. ಅವೆಲ್ಲ ಗುಜರಿಗೆ ಹೋಗುವುದಿಲ್ಲ. ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ. 75 ದಾಟಿದರೆ ಕಂಪನಿ ಆ ಗಾಡಿಯನ್ನು 'ಟೋಟಲ್ ಲಾಸ್' ಎಂದು ಲೆಕ್ಕ ಮುಗಿಸುತ್ತದೆ. ಗಾಡಿ ಹರಾಜಿಗೆ ಬರುತ್ತದೆ. ಅದನ್ನು ಅಗ್ಗಕ್ಕೆ ಹಿಡಿದು, ಒಣಗಿಸಿ, ಪಾಲಿಶ್ ಹೊಡೆದು ಬೇರೆ ಊರಿನಲ್ಲಿ ಮಾರುವವರಿದ್ದಾರೆ. ಆರ್‌ಸಿ ಮೇಲೆ ಇದರ ಸುಳಿವೇ ಇರುವುದಿಲ್ಲ.

ನಮ್ಮಲ್ಲಿ ಗಾಡಿ ನೋಡಲು ಹೋದವರು ಬೋನಟ್ ಎತ್ತಿ ಇಂಜಿನ್ ಸದ್ದು ಕೇಳುತ್ತಾರೆ. ಇಂಜಿನ್ನಿನ ರೋಗ ದುಡ್ಡು ತಿನ್ನುತ್ತದೆ, ಅಷ್ಟೇ. ಜೀವ ತಿನ್ನುವುದು ಏರ್‌ಬ್ಯಾಗ್. ಅದನ್ನು ನಡೆಸುವ ಕಂಟ್ರೋಲ್ ಯೂನಿಟ್ ಹೆಚ್ಚಿನ ಕಾರುಗಳಲ್ಲಿ ಗೇರ್ ಲಿವರಿನ ಆಸುಪಾಸು, ನೆಲಕ್ಕೆ ಹತ್ತಿರದಲ್ಲೇ ಕೂತಿರುತ್ತದೆ. ಒಳಗೆ ನೀರು ನಿಂತರೆ ಮೊದಲು ಒದ್ದೆಯಾಗುವ ಭಾಗಗಳಲ್ಲಿ ಅದೂ ಒಂದು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹೊತ್ತಿ ಆರಬೇಕು. ಹೊತ್ತಿಕೊಳ್ಳಲೇ ಇಲ್ಲವೆಂದರೆ ಯಾರೋ ಕೈಯಾಡಿಸಿದ್ದಾರೆಂಬ ಅನುಮಾನಕ್ಕೆ ಅಷ್ಟೇ ಸಾಕು. ಹೊತ್ತಿ ಆರಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಬ್ಯಾಗೇ ಇಲ್ಲದ ಕಡೆ ಸಣ್ಣ ರೆಸಿಸ್ಟರ್ ಕೂರಿಸಿ ಕಂಪ್ಯೂಟರಿಗೆ ಸುಳ್ಳು ಹೇಳಿಸುವ ಕೆಲಸ ಗೊತ್ತಿರುವವರಿದ್ದಾರೆ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಗಾಡಿಯಲ್ಲಿ ಹೀಗೆ ಮಾಡುವುದು ಅಪರಾಧವಲ್ಲದೆ ಬೇರೇನೂ ಅಲ್ಲ.

ಹಾಗಾಗಿ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಯಾರೂ ತೊಳೆಯದ ಆ ಕೊನೆಯ ಗೇಣುದ್ದದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು, ಸೀಟು ಜಾರುವ ರೇಲಿನ ಕೆಳಗೆ ತುಕ್ಕು, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ ಇವೆಯೇ ನೋಡಿ. ಒಳಗೆ ಕೂತೊಡನೆ ಸೆಂಟಿನ ವಾಸನೆ ಮೂಗಿಗೆ ಬಡಿದರೆ ಇನ್ನಷ್ಟು ಹುಷಾರಾಗಿರಿ.

ಕಾಗದದಲ್ಲಿ ಮೊದಲು ವಿಮೆ ಪಾಲಿಸಿ ಕೇಳಿ. ಒಬ್ಬನೇ ಮಾಲೀಕನ ಕೈಯಲ್ಲಿ ಐದು ವರ್ಷ ಓಡಿದ ಗಾಡಿಯ ನೋ ಕ್ಲೇಮ್ ಬೋನಸ್ ಸೊನ್ನೆ ಇದ್ದರೆ, ಇತ್ತೀಚೆಗೆ ಕ್ಲೇಮ್ ಆಗಿದೆಯೇ, ಯಾವುದಕ್ಕೆ ಎಂದು ಕೇಳಿ, ಬಿಲ್ಲು ತೋರಿಸಲು ಹೇಳಿ. ಕಿಲೋಮೀಟರ್ ಸಂಖ್ಯೆಯನ್ನು ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಯೊಂದಿಗೆ ತಾಳೆ ನೋಡಿ. ಹಳದಿ ಬೋರ್ಡಿನಲ್ಲಿ ಓಡಿ ಬಿಳಿ ಬೋರ್ಡಿಗೆ ಬದಲಾದದ್ದೇ, ಸಾಲ ತೀರಿ ಹೈಪೋಥಿಕೇಶನ್ ಕಳಚಿದೆಯೇ ಎಂಬುದನ್ನು ಆರ್‌ಟಿಒ ದಾಖಲೆಯಲ್ಲೇ ಖಚಿತಪಡಿಸಿಕೊಳ್ಳಿ. ಹೊರರಾಜ್ಯದ್ದಾದರೆ ಅಲ್ಲಿನ ಎನ್‌ಒಸಿ ಬೇಕು. ಇಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ 'ಅಗ್ಗ' ಎಷ್ಟೋ ಸಲ ಕರಗಿಹೋಗುತ್ತದೆ.

ಕೊಳ್ಳುವವನ ಜಾಗರೂಕತೆಗೂ ಮಿತಿಯಿದೆ. ಶಾಶ್ವತವಾಗಿ ಕೆಟ್ಟುಹೋದ ವಾಹನದ ಬಗ್ಗೆ ಮಾಲೀಕ ಹದಿನಾಲ್ಕು ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಆದರೆ ರಿಪೇರಿ ಮಾಡಬಹುದಾದರೂ ಲಾಭವಿಲ್ಲದೆ ಕೈಬಿಟ್ಟ ಗಾಡಿ ಈ ಮಾತಿನಿಂದ ಸುಲಭವಾಗಿ ನುಣುಚಿಕೊಳ್ಳುತ್ತದೆ. ವಿಮಾ ಕಂಪನಿ ಟೋಟಲ್ ಲಾಸ್ ಎಂದು ಬರೆದ ದಿನವೇ ಆ ಮಾತು ಆರ್‌ಸಿಯಲ್ಲೂ ಮೂಡುವಂತೆ ಸಾರಿಗೆ ಇಲಾಖೆ ಮತ್ತು ವಿಮಾ ನಿಯಂತ್ರಕರು ಮುಂದಿನ ಮಳೆಗಾಲದೊಳಗೆ ವ್ಯವಸ್ಥೆ ಮಾಡಬೇಕು.