ಹೊಳೆಯ ಒಡಲು ಹರಾಜಿನ ವಸ್ತುವೆ?

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಸವದತ್ತಿಯ ನವಿಲುತೀರ್ಥವನ್ನು ದಾಟಿ, ಬಾದಾಮಿ ಸೀಮೆಯ ಪಟ್ಟದಕಲ್ಲನ್ನೂ ಹುನಗುಂದ ಸೀಮೆಯ ಐಹೊಳೆಯನ್ನೂ ಬಳಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಈ ನದಿಯ ದಂಡೆಯ ಮೇಲೆ ಚಾಲುಕ್ಯರು ಗುಡಿಗಳನ್ನು ಕಟ್ಟಿದರು. ಇದರ ಸಂಗಮದಲ್ಲಿ ಬಸವಣ್ಣನವರು ವಿದ್ಯೆ ಕಲಿತರು, ಅಲ್ಲಿಯೇ ಐಕ್ಯರಾದರು. ನೀರಿಗೆ ನಾವು ಕೈಮುಗಿಯುತ್ತೇವೆ. ಆ ನೀರನ್ನು ಹಿಡಿದಿಟ್ಟುಕೊಂಡಿರುವ ಮರಳನ್ನಾದರೋ ಟ್ರ್ಯಾಕ್ಟರುಗಳಲ್ಲಿ, ಟಿಪ್ಪರುಗಳಲ್ಲಿ ಹೇರಿ ಕಳಿಸುತ್ತಿದ್ದರೂ ಕಣ್ಣುಮುಚ್ಚಿ ಕುಳಿತಿದ್ದೇವೆ. ಇದು ಎಂಥ ಭಕ್ತಿ?

ಮರಳೆಂದರೆ ಹೊಳೆಯ ಕಸವಲ್ಲ. ಅದು ಹೊಳೆಯ ಉಗ್ರಾಣ. ಮಳೆಗಾಲದಲ್ಲಿ ಕಾಳುಕಾಳಿನ ನಡುವೆ ನೀರನ್ನು ತುಂಬಿಕೊಂಡು, ಬೇಸಿಗೆಯಲ್ಲಿ ದಂಡೆಯ ಬಾವಿಗಳಿಗೂ ಕೊಳವೆಬಾವಿಗಳಿಗೂ ಮೆಲ್ಲನೆ ಊಡುವುದು ಅದರ ಕಾಯಕ. ಪಾತ್ರವನ್ನು ಆಳಕ್ಕೆ ತೋಡಿದರೆ ಆಸುಪಾಸಿನ ಬಾವಿಗಳ ನೀರೂ ಅದರೊಡನೆ ಕೆಳಗಿಳಿಯುತ್ತದೆ. ಸೇತುವೆಯ ಕಂಬಗಳ ಬುಡ ಬಯಲಾಗುತ್ತದೆ, ದಂಡೆ ಕುಸಿದು ರೈತನ ಹೊಲ ಹೊಳೆಯ ಪಾಲಾಗುತ್ತದೆ. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ಹರಿದುದನ್ನು ಈ ಭಾಗದ ಜನ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂದಿತ್ತು. ಆ ಪ್ರವಾಹಕ್ಕೆ ಮರಳುಗಾರಿಕೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ದಂಡೆಯನ್ನು ಸಡಿಲಗೊಳಿಸಿದ ಊರಿಗೆ ಮುಂದಿನ ಪ್ರವಾಹ ಕರುಣೆ ತೋರಿಸೀತೆ?

ಇದಕ್ಕೆ ಪ್ರತಿಯಾಗಿ ಕೇಳಿಬರುವ ಮೊದಲನೆಯ ಮಾತು, "ಮರಳು ವರ್ಷವರ್ಷವೂ ಬರುತ್ತದೆ, ತೆಗೆದರೆ ಏನಾಯಿತು?" ಎಂಬುದು. ಹಿಂದಿನವರು ಈ ಮಾತನ್ನು ಆಡಬಹುದಾಗಿತ್ತು. ಇಂದು ಅದು ಸಲ್ಲದು. ನವಿಲುತೀರ್ಥದ ಅಣೆಕಟ್ಟು ನೀರನ್ನು ಮಾತ್ರವಲ್ಲ, ಮೇಲಿನಿಂದ ಉರುಳಿ ಬರುವ ಮರಳನ್ನೂ ತಡೆದು ನಿಲ್ಲಿಸುತ್ತದೆ. ಕೆಳಗಿನ ಪಾತ್ರಕ್ಕೆ ಉಳಿದಿರುವುದು ಬೆಣ್ಣೆಹಳ್ಳದಂಥ ಹಳ್ಳಗಳು ತರುವಷ್ಟೇ. ಆ ಹಳ್ಳಗಳನ್ನೂ ಬಗೆಯುತ್ತಿದ್ದರೆ ತುಂಬುವವರು ಯಾರು? ಆದಾಯವನ್ನು ಅಳೆಯದೆ ವೆಚ್ಚ ಮಾಡುವ ಮನೆ ಎಷ್ಟು ದಿನ ಬಾಳೀತು?

ಎರಡನೆಯ ಮಾತು, "ಬಡವರು ಮನೆ ಕಟ್ಟುವುದು ಬೇಡವೆ?" ಎಂಬುದು. ಬೇಕು. ನಾವು ಬೇಡುವುದು ನಿಷೇಧವನ್ನಲ್ಲ, ನಿಯಮವನ್ನು. ಬಡವನ ಹೆಸರಿನಲ್ಲಿ ತೋಡಿದ ಮರಳು ರಾತ್ರೋರಾತ್ರಿ ದೂರದ ಪಟ್ಟಣಗಳ ದಾರಿ ಹಿಡಿದರೆ, ಆ ಬಡವನಿಗೆ ಉಳಿಯುವುದು ಬತ್ತಿದ ಬಾವಿ ಮಾತ್ರ. ಕಳ್ಳದಾರಿಯ ಸರಕಿಗೆ ದರ ಕಟ್ಟುವವನು ದಲ್ಲಾಳಿ. ಅವನಲ್ಲಿ ಬಡವನಿಗೆ ರಿಯಾಯಿತಿ ಇಲ್ಲ. ಗಾಡಿ ನಡೆಸುವ ಕೂಲಿಯ ಹುಡುಗ ಸಿಕ್ಕಿಬೀಳುತ್ತಾನೆ; ಲಾಭ ಉಂಡವನು ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾನೆ.

ಇನ್ನು ಕಾನೂನಿಗೆ ಬಡತನವೇ? 1957ರ ಗಣಿ ಮತ್ತು ಖನಿಜ ಕಾಯಿದೆ ಮರಳು, ಗರಸುಗಳಂಥ ಉಪಖನಿಜಗಳಿಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತು. ಅದರಂತೆ ಕರ್ನಾಟಕದ ಉಪಖನಿಜ ನಿಯಮಗಳು 1994ರಲ್ಲಿ ಬಂದವು. ನದಿಯಂಥ ನಿಸರ್ಗ ಸಂಪತ್ತಿಗೆ ಸರಕಾರವು ಒಡೆಯನಲ್ಲ, ಜನರ ಪರವಾದ ಧರ್ಮದರ್ಶಿ ಎಂದು ಸರ್ವೋಚ್ಚ ನ್ಯಾಯಾಲಯವು ಕಮಲನಾಥ ಪ್ರಕರಣದಲ್ಲಿ 1996ರಷ್ಟು ಹಿಂದೆಯೇ ಸಾರಿತು. 5 ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ದೀಪಕ್ ಕುಮಾರ್ ಪ್ರಕರಣದಲ್ಲಿ 2012ರಲ್ಲಿ ಹೇಳಿತು. ಅನುಮತಿಯಿಲ್ಲದೆ ಮರಳು ಒಯ್ಯುವವನ ಮೇಲೆ ಗಣಿ ಕಾಯಿದೆಯಷ್ಟೇ ಅಲ್ಲ, ಕಳವಿನ ಆರೋಪವನ್ನೂ ಹೊರಿಸಬಹುದೆಂದು 2014ರಲ್ಲಿ ತೀರ್ಪಿತ್ತಿತು. ಕೇಂದ್ರದ 2016ರ ಮಾರ್ಗಸೂಚಿ ತೋಡುವ ಆಳಕ್ಕೆ 3 ಮೀಟರಿನ ಮಿತಿ ಹಾಕಿತು. ರಾಜ್ಯದ 2020ರ ಮರಳು ನೀತಿ ಚಿಕ್ಕ ಹಳ್ಳಗಳ ಮರಳಿನ ಹೊಣೆಯನ್ನು ಗ್ರಾಮ ಪಂಚಾಯತಿಗಳಿಗೆ ಒಪ್ಪಿಸಿತು. ಆದ್ದರಿಂದ ಕೊರತೆ ಕಾಗದದಲ್ಲಿಲ್ಲ. ಹೊಳೆಯ ದಂಡೆಯಲ್ಲಿ ನಿಂತು ಅದನ್ನು ಓದಿ ಹೇಳುವ ಧೈರ್ಯದಲ್ಲಿದೆ.

ಹಾಗಾದರೆ ಆಗಬೇಕಾದುದೇನು? ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪಾತ್ರವನ್ನು ಅಳೆದು, ಎಷ್ಟು ಮರಳು ಬಂದಿದೆಯೆಂಬ ಲೆಕ್ಕವನ್ನು ಪಂಚಾಯತಿಯ ಕಟ್ಟೆಯ ಮೇಲೆ ಬರೆಯಿಸಬೇಕು. ಬಂದುದಕ್ಕಿಂತ ಕಡಿಮೆಯೇ ಹೊರಹೋಗಬೇಕು. ಸೇತುವೆ, ಕುಡಿಯುವ ನೀರಿನ ಬಾವಿ, ಪುರಾತನ ಗುಡಿಗಳ ಸಮೀಪ ಸಲಿಕೆಯೂ ಇಳಿಯಕೂಡದು. ಬೇಸಾಯವಿಲ್ಲದ ದಿನಗಳಲ್ಲಿ ಊರಿನ ಕೂಲಿಗಾರರಿಗೆ ಆ ಕೆಲಸ ದೊರೆಯಲಿ. ನದಿಯೊಳಗೆ ಯಂತ್ರಗಳಿಗೆ ಪ್ರವೇಶ ಬೇಡ. ಇಳಕಲ್ಲಿನ ಕೆಂಪು ಗ್ರಾನೈಟಿನ ಗಣಿಗಳಲ್ಲಿ ಒಡೆದು ಬಿದ್ದ ಕಲ್ಲನ್ನು ಅರೆದು ಎಂ-ಸ್ಯಾಂಡ್ ಮಾಡಿದರೆ ಹೊಳೆಯ ಮೇಲಿನ ಭಾರ ಇಳಿಯುವುದಿಲ್ಲವೆ? ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು-ಗರಸನ್ನು ಬಳಸುತ್ತದೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2022ರಲ್ಲಿ ಎಚ್ಚರಿಸಿತು. ಮರಳುಗಾಡಿನ ಮರಳು ಗಾಳಿಗೆ ಸವೆದು ದುಂಡಾದುದರಿಂದ ಕಾಂಕ್ರೀಟಿಗೆ ಒದಗುವುದಿಲ್ಲ. ಆದುದರಿಂದ ಎಲ್ಲರ ಕಣ್ಣೂ ಹೊಳೆಯ ಮೇಲೆಯೇ.

ಸದ್ಭಕ್ತರಲ್ಲಿ, ಮಠದಲ್ಲಿ ಓದಿ ಬೆಳೆದು ಇಂದು ಇಂಜಿನಿಯರರಾಗಿ, ಗುತ್ತಿಗೆದಾರರಾಗಿ, ಪಂಚಾಯತಿಯ ಸದಸ್ಯರಾಗಿ ಇರುವ ಮಹನೀಯರಲ್ಲಿ ಒಂದು ಮಾತು. ಕೊಳ್ಳುವವನಿಲ್ಲದೆ ಕದಿಯುವವನಿಲ್ಲ. ಮನೆಯಾಗಲಿ, ಶಾಲೆಯಾಗಲಿ, ಕಲ್ಯಾಣ ಮಂಟಪವಾಗಲಿ, ಮಠದ ಪ್ರಸಾದ ನಿಲಯವೇ ಆಗಲಿ, ಮರಳಿನ ಗಾಡಿ ಅಂಗಳಕ್ಕೆ ಬಂದಾಗ ಪರವಾನಗಿ ಚೀಟಿಯನ್ನು ಕೇಳಿ. ಚೀಟಿ ಇಲ್ಲದ ಗಾಡಿಯನ್ನು ಹಿಂದಕ್ಕೆ ಕಳಿಸಿ. ಕೆಲಸ ಒಂದು ತಿಂಗಳು ತಡವಾದರೆ ತಡವಾಗಲಿ. ಕಾಯಕದ ಶುದ್ಧಿಯನ್ನು ಜಗತ್ತಿಗೆ ಸಾರಿದ ನೆಲದಲ್ಲಿ ಕಳವಿನ ಮರಳಿನಿಂದ ಎದ್ದ ಗೋಡೆಗೆ ಯಾವ ಹೆಸರು ಕೆತ್ತಿಸಿದರೂ ಅದು ದಾಸೋಹವಾಗಲಾರದು.