ಕಡಲ ದಂಡೆಯಲ್ಲಿ ಹೂವಿಟ್ಟು ಆಡಿದವರು

ಮಕ್ಕಳೇ, ಈ ವಾರ ಅಟ್ಲಾಸ್‌ನಲ್ಲಿ ಆಫ್ರಿಕಾದ ಪುಟ ಬಿಡಿಸಿ. ಕೆಳಭಾಗದಲ್ಲಿ ಸುತ್ತಲೂ ನೆಲವೇ ಇರುವ, ಸಮುದ್ರವಿಲ್ಲದ ಜಾಂಬಿಯಾ ಎಂಬ ದೇಶ ಹುಡುಕಿ. ತಾಮ್ರದ ಗಣಿಗಳಿಗೆ ಹೆಸರಾದ ನಾಡು ಅದು. ಅಲ್ಲಿನ ಫುಟ್‌ಬಾಲ್ ತಂಡವನ್ನು ಜನ ಪ್ರೀತಿಯಿಂದ ‘ಚಿಪೊಲೊಪೊಲೊ’ ಎನ್ನುತ್ತಾರೆ. ತಾಮ್ರದ ಗುಂಡುಗಳು ಎಂದರ್ಥ. ನನ್ನ ನಾಲಿಗೆ ಎರಡು ಸಲ ತೊಡರಿತು, ನಿಮಗೆ ಸುಲಭವಾದೀತು.

ಕ್ರಿಕೆಟ್‌ಗೆ ಏಷ್ಯಾ ಕಪ್ ಇರುವಂತೆ ಆಫ್ರಿಕಾದ ದೇಶಗಳಿಗೆ ಫುಟ್‌ಬಾಲ್‌ನ ಆಫ್ರಿಕಾ ಕಪ್ ಇದೆ. 1957ರಲ್ಲಿ ಶುರುವಾದದ್ದು. ಜಾಂಬಿಯಾ 1974ರಲ್ಲಿ ಮೊದಲ ಸಲ ಅದರಲ್ಲಿ ಆಡಿ, ನೇರ ಫೈನಲ್‌ಗೇ ಬಂತು. ಝೈರ್ ದೇಶದ ಎದುರು ಪಂದ್ಯ 2-2 ಸಮವಾಯಿತು. ಆಗಿನ ಪದ್ಧತಿಯಂತೆ ಪಂದ್ಯವನ್ನು ಮತ್ತೆ ಆಡಿಸಿದರು. ಜಾಂಬಿಯಾ 0-2ರಿಂದ ಸೋತಿತು.

1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಇದೇ ಪುಟ್ಟ ದೇಶ ಇಟಲಿಯನ್ನು 4-0ಯಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಕಲುಶಾ ಬ್ವಾಲ್ಯ ಎಂಬ ಆಟಗಾರನದು. ಇನ್ನೇನು, ಆಫ್ರಿಕಾ ಕಪ್ ಕೂಡ ದೂರವಿಲ್ಲ ಎಂದು ಜನ ನಂಬಿದ್ದರು.

1993ರ ಏಪ್ರಿಲ್ 27. ವಿಶ್ವಕಪ್ ಅರ್ಹತಾ ಪಂದ್ಯವಾಡಲು ತಂಡ ಸೇನಾ ವಿಮಾನದಲ್ಲಿ ಸೆನೆಗಲ್‌ಗೆ ಹೊರಟಿತ್ತು. ದಾರಿಯಲ್ಲಿ ಗಬೋನ್ ದೇಶದ ರಾಜಧಾನಿ ಲಿಬ್ರೆವಿಲ್‌ನಲ್ಲಿ ಇಂಧನ ತುಂಬಿಸಿಕೊಂಡು ಮೇಲೇರಿದ ವಿಮಾನ ಸಮುದ್ರಕ್ಕೆ ಬಿತ್ತು. ಒಳಗಿದ್ದ 30 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಟಗಾರರೇ 18 ಜನ. ತರಬೇತುದಾರ ಗಾಡ್‌ಫ್ರೆ ಚಿಟಾಲು ಅವರೂ ಹೋದರು. ಕಲುಶಾ ಆಗ ನೆದರ್ಲೆಂಡ್ಸ್‌ನ ಕ್ಲಬ್‌ನಲ್ಲಿದ್ದರು. ಬೇರೆ ವಿಮಾನದಲ್ಲಿ ಬರಬೇಕಿದ್ದುದರಿಂದ ಬದುಕಿಕೊಂಡರು.

ಬ್ಯಾಂಕಿನಲ್ಲಿ ನಾನು ಲೆಡ್ಜರ್ ಬರೆಯುತ್ತಿದ್ದಾಗ, ಪುಟ ತುಂಬಿದರೆ ಬಾಕಿಯನ್ನು ಮುಂದಿನ ಪುಟದ ತಲೆಯ ಮೇಲೆ ಬರೆದುಕೊಳ್ಳುತ್ತಿದ್ದೆವು. ಕೈ ಬದಲಾದರೂ ಖಾತೆ ಅದೇ. ಜಾಂಬಿಯಾದವರು ಮಾಡಿದ್ದೂ ಹಾಗೆಯೇ. ಹೊಸ ಹುಡುಗರನ್ನು ಸೇರಿಸಿ, ಕಲುಶಾ ನಾಯಕತ್ವದಲ್ಲಿ ತಂಡ ಕಟ್ಟಿದರು. ಒಂದು ವರ್ಷ ತುಂಬುವ ಮೊದಲೇ, 1994ರ ಏಪ್ರಿಲ್ 10ರಂದು, ಆ ತಂಡ ಟ್ಯುನೀಷಿಯಾದಲ್ಲಿ ಆಫ್ರಿಕಾ ಕಪ್ ಫೈನಲ್ ಆಡಿತು! ಮೊದಲ ಗೋಲನ್ನೂ ಹೊಡೆಯಿತು. ಆದರೆ ನೈಜೀರಿಯಾ 2-1ರಿಂದ ಗೆದ್ದಿತು.

ಆಮೇಲೆ 18 ವರ್ಷ ಕಾಯಬೇಕಾಯಿತು. 2012ರ ಪಂದ್ಯಾವಳಿ ಗಬೋನ್ ಮತ್ತು ಅದರ ನೆರೆಯ ಈಕ್ವಟೋರಿಯಲ್ ಗಿನಿಯಲ್ಲಿ ಒಟ್ಟಿಗೆ ನಡೆಯಿತು. ಜಾಂಬಿಯಾದ ಪಂದ್ಯಗಳೆಲ್ಲ ಬಿದ್ದದ್ದು ಗಿನಿಯಲ್ಲಿ. ಫೈನಲ್ ಮಾತ್ರ ಲಿಬ್ರೆವಿಲ್‌ನಲ್ಲಿ. ಅಂದರೆ ಹಿರಿಯರು ಮಡಿದ ಊರಿಗೆ ಆಡಲು ಹೋಗಬೇಕಾದರೆ ಫೈನಲ್ ತಲುಪಲೇಬೇಕು. ಸೆಮಿಫೈನಲ್‌ನಲ್ಲಿ ಬಲಿಷ್ಠ ಘಾನಾವನ್ನು 1-0ಯಿಂದ ಸೋಲಿಸಿ ತಲುಪಿಯೇ ಬಿಟ್ಟರು.

ಊರಿಗೆ ಬಂದವರು ಮೊದಲು ಕಡಲ ದಂಡೆಗೆ ಹೋಗಿ ಹೂವಿಟ್ಟರು. ಕಲುಶಾ ಜೊತೆಗಿದ್ದರು. ಆಗ ಅವರು ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು.

ಫೆಬ್ರವರಿ 12ರ ಫೈನಲ್‌ನಲ್ಲಿ ಎದುರಾಳಿ ಐವರಿ ಕೋಸ್ಟ್. ಆ ಪಂದ್ಯಾವಳಿಯಲ್ಲಿ ಒಂದೂ ಗೋಲು ಬಿಟ್ಟುಕೊಡದ ತಂಡ. ಅವರ ದೊಡ್ಡ ಆಟಗಾರ ದ್ರೋಗ್ಬಾ ಒದ್ದ ಪೆನಾಲ್ಟಿ ಚೆಂಡು ಗೋಲುಕಂಬದ ಮೇಲೆ ಹಾರಿಹೋಯಿತು. ಹೆಚ್ಚುವರಿ ಸಮಯ ಮುಗಿದರೂ 0-0. ಕೊನೆಗೆ ಪೆನಾಲ್ಟಿ ಶೂಟೌಟ್. ಅಜ್ಜಿಯಂದಿರೇ, ಅಂದರೆ ಗೋಲ್‌ಕೀಪರ್ ಒಬ್ಬನೇ ಎದುರಿಗಿರುವಾಗ ಎರಡೂ ತಂಡದವರು ಸರದಿಯಂತೆ ಚೆಂಡು ಒದೆಯುವುದು. ಮೊದಲ ಏಳೇಳು ಒದೆತ ಎರಡು ಕಡೆಯೂ ಗೋಲು. ಎಂಟನೆಯದು ಇಬ್ಬರಿಗೂ ತಪ್ಪಿತು. ಒಂಬತ್ತನೆಯದನ್ನು ಐವರಿ ಕೋಸ್ಟ್ ತಪ್ಪಿಸಿತು. ಜಾಂಬಿಯಾದ ಸ್ಟೊಪಿಲಾ ಸುಂಝು ತಪ್ಪಿಸಲಿಲ್ಲ. 8-7! ಜಾಂಬಿಯಾಕ್ಕೆ ಮೊದಲ ಆಫ್ರಿಕಾ ಕಪ್.

ವಿಮಾನ ಬಿದ್ದ ದಿನ ಸುಂಝುವಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ.

ಇನ್ನೊಂದು ಮಾತು. ಪಂದ್ಯದ ಶುರುವಿನಲ್ಲೇ ಜೋಸೆಫ್ ಮುಸೊಂಡಾ ಎಂಬಾತ ಗಾಯಗೊಂಡು ಅಳುತ್ತಾ ಹೊರಗೆ ಹೋಗಿದ್ದ. ಗೆದ್ದಮೇಲೆ ತರಬೇತುದಾರ ಹರ್ವೆ ರೆನಾರ್ ಅವನನ್ನು ಎತ್ತಿಕೊಂಡೇ ಮೈದಾನಕ್ಕೆ ತಂದರು, ಸಂಭ್ರಮದಲ್ಲಿ ಅವನೊಬ್ಬ ಹೊರಗುಳಿಯಬಾರದೆಂದು.

ಅಜ್ಜ ಅಜ್ಜಿಯರೇ, ನಿಮ್ಮ ಮನೆತನದಲ್ಲೂ ಒಬ್ಬರು ಅರ್ಧಕ್ಕೆ ಬಿಟ್ಟುಹೋದದ್ದನ್ನು ಇನ್ನೊಬ್ಬರು ಪೂರೈಸಿದ ಕಥೆ ಇದ್ದೇ ಇರುತ್ತದೆ. ಈ ಭಾನುವಾರ ಅದನ್ನು ಮೊಮ್ಮಕ್ಕಳಿಗೆ ಹೇಳಿ.