ಕಣ್ಣೊಳಗಿನ ಕತ್ತಲೆಗೆ ಎಂಜಿನಿಯರ್ ಬೇಕು

ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸಿದವರು. ಒಂದೇ ದಿನ 833 ಜನರಿಗೆ ಪೊರೆ ಆಪರೇಷನ್ ಮಾಡಿ ಗಿನ್ನೆಸ್ ದಾಖಲೆ ಸೇರಿದವರು. ಬಲಿತ ಪೊರೆ ಟಾರ್ಚ್ ಬೆಳಕಿಗೂ ಕಾಣುತ್ತದೆ. ತೆಗೆದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ.

ಆದರೆ ಕಣ್ಣು ತಿಳಿಯಾಗಿದ್ದರೂ ಸಂಜೆಯಾದೊಡನೆ ಗೋಡೆ ಹಿಡಿದು ನಡೆಯುವವರಿದ್ದಾರೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆಯಲ್ಲಿ ಬೆಳಕು ಗ್ರಹಿಸುವ ಕೋಶಗಳೇ ಸಾಯುತ್ತವೆ. ಹೆಚ್ಚಾಗಿ ಮೊದಲು ಇರುಳಿನ ನೋಟಕ್ಕೆ ಬೇಕಾದ ರಾಡ್ ಕೋಶಗಳು, ಆಮೇಲೆ ಹಗಲಿನ ಕೋನ್ ಕೋಶಗಳು. ರಕ್ತಸಂಬಂಧದ ಮದುವೆಯಲ್ಲಿ ಇಂಥ ಕಾಯಿಲೆಯ ಸಾಧ್ಯತೆ ಹೆಚ್ಚು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಭಾಗಕ್ಕೆ ಇದು ದೂರದ ಮಾತಲ್ಲ.

ಒಸಿಟಿ ಸ್ಕ್ಯಾನ್ ಈ ಕೋಶಗಳ ಪದರ ಉಳಿದಿದೆಯೇ ಎಂದು ತೋರಿಸುತ್ತದೆ, ಕೆಲಸ ಮಾಡುತ್ತಿದೆಯೇ ಎಂದಲ್ಲ. ಇಆರ್‌ಜಿ ಪರೀಕ್ಷೆ ಕೆಲಸವನ್ನು ಅಳೆಯುತ್ತದೆ, ಆದರೆ ಸಾಮಾನ್ಯವಾಗಿ ಇಡೀ ರೆಟಿನಾದ ಮೊತ್ತವನ್ನು. ಕರೆಂಟ್ ಮೀಟರ್ ನೋಡಿ ಯಾವ ಕೋಣೆಯ ಬಲ್ಬ್ ಕೆಟ್ಟಿದೆ ಎಂದು ಹೇಳಲಾದೀತೇ?

ಆಪ್ಟೊರೆಟಿನೋಗ್ರಫಿ ಹುಡುಕುವುದು ಆ ಬಲ್ಬನ್ನೇ. ಬೆಳಕು ಬಿದ್ದ ಕೆಲವೇ ಮಿಲಿಸೆಕೆಂಡುಗಳಲ್ಲಿ ಕೋನ್ ಕೋಶ ಹತ್ತಾರು ನ್ಯಾನೋಮೀಟರ್ ಕುಗ್ಗಿ, ನಂತರ ಉದ್ದವಾಗುತ್ತದೆ. ಆ ಕುಗ್ಗುವಿಕೆ ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು. ಕಣ್ಣಿಗೆ ಏನನ್ನೂ ಚುಚ್ಚದೆ, ಮರಳಿ ಬರುವ ಬೆಳಕಿನ ಅಲೆಯ ಬದಲಾವಣೆಯಿಂದಲೇ ಇದನ್ನು ಅಳೆಯುತ್ತಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಮ್‌ಕುಮಾರ್ ಸಬೇಸನ್ ಅವರ ತಂಡ ಜೀವಂತ ಕಣ್ಣಿನ ಒಂದೊಂದು ಕೋನ್ ಕೋಶದಲ್ಲೂ ಇದನ್ನು ದಾಖಲಿಸಿ 2020ರಲ್ಲಿ ಪ್ರಕಟಿಸಿತು.

ಇದರಿಂದ ರೋಗಿಗೇನು ಲಾಭ? ಆರ್‌ಪಿಇ65 ಎಂಬ ಜೀನಿನ ದೋಷಕ್ಕೆ ಅಮೆರಿಕ 2017ರಲ್ಲೇ ಜೀನ್ ಚಿಕಿತ್ಸೆಗೆ ಒಪ್ಪಿಗೆ ನೀಡಿದೆ. ಆದರೆ ಸತ್ತ ಕೋಶವನ್ನು ಅದು ಎಬ್ಬಿಸದು. ಎಲ್ಲಿ ಜೀವ ಉಳಿದಿದೆ ಎಂದು ಮೊದಲೇ ತಿಳಿಯಬೇಕು.

ಸದ್ಯ ಈ ಯಂತ್ರ ಬಹುಮಟ್ಟಿಗೆ ಸಂಶೋಧನಾಲಯದಲ್ಲೇ ಇದೆ. ಬೆಲೆ ಹೆಚ್ಚು, ಡೇಟಾ ಅಪಾರ. ಕಣ್ಣು ಕದಲಿದರೆ ಅಳತೆ ಕೆಡುತ್ತದೆ. ಇವು ವೈದ್ಯರಿಗಿಂತ ಹೆಚ್ಚಾಗಿ ಎಂಜಿನಿಯರ್‌ಗಳು ಬಿಡಿಸಬೇಕಾದ ಗಂಟು. ಬೆಂಗಳೂರಿನ ಫೋರಸ್ ಹೆಲ್ತ್ 'ತ್ರಿನೇತ್ರ' ಉಪಕರಣವನ್ನೂ, ರೆಮಿಡಿಯೊ ಮೊಬೈಲ್‌ ಆಧಾರಿತ ರೆಟಿನಾ ಕ್ಯಾಮೆರಾವನ್ನೂ ತಯಾರಿಸಿವೆ. ರೆಟಿನಾದ ಚಿತ್ರವನ್ನು ಹಳ್ಳಿಗೆ ತಂದವರಿಗೆ ಅದರ ಕೆಲಸವನ್ನು ಅಳೆಯುವ ಯಂತ್ರವನ್ನು ತರುವುದು ಅಸಾಧ್ಯವೇನಲ್ಲ.

ಬಿಇ ಓದುವ ನಾವು ಸಿಗ್ನಲ್ ಪ್ರೊಸೆಸಿಂಗ್, ಆಪ್ಟಿಕ್ಸ್ ಪಾಠಗಳನ್ನು ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಪ್ಲೇಸ್‌ಮೆಂಟ್ ಎಂದರೆ ಸಾಫ್ಟ್‌ವೇರ್ ಕಂಪನಿ ಎಂದಷ್ಟೇ ಗೊತ್ತು. ಕೊನೇ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವ ಬದಲು, ಹತ್ತಿರದ ಕಣ್ಣಾಸ್ಪತ್ರೆಗೆ ಹೋಗಿ ಅಲ್ಲಿ ಏನು ಅಳೆಯಲಾಗುತ್ತಿಲ್ಲ ಎಂದು ಕೇಳೋಣ. ಮೋದಿಯವರು ಶಸ್ತ್ರಚಿಕಿತ್ಸೆಯನ್ನು ಹಳ್ಳಿಗೆ ತಂದರು. ಈ ಯಂತ್ರವನ್ನು ತರುವ ಸರದಿ ನಮ್ಮದು.